ಇಲ್ಲದ ನೀಲಕಂಠ

“ನೀಲಕಂಠ ಅಕ್ಕಾ, ನೀಲಕಂಠ! ಉಪ್ಪುಗದ್ದೆ ಹತ್ರ! ಗಾಡಿ ಹತ್ತಿ. ಹಕ್ಕಿ ಏನು ನಿಮಗೋಸ್ಕರ ಕಾಯ್ತಾ ಕೂತಿರುತ್ತಾ?”

ಲೋಜಾನ್ ಜೀಪಿನ ಕಿಟಕಿಯಿಂದ ಸೊಂಟದವರೆಗೂ ಹೊರಬಂದು ಕೂಗುತ್ತಿದ್ದ. ಆ ಹಳೇ ಜೀಪು ಅವನಿಗಿಂತ ಜೋರಾಗಿ ಕೆಮ್ಮುತ್ತಿತ್ತು. ಸರೋವರದ ದಂಡೆಯಲ್ಲಿ ಮೀನುಸಾರಿನ ಹೋಟೆಲ್ ನಡೆಸುವ ಈ ಮನುಷ್ಯ ಒಲೆ ಹಚ್ಚುವ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬಂದಿದ್ದಾನೆಂದರೆ ಅದು ಹಕ್ಕಿಯ ವಿಷಯವೇ ಆಗಿರಬೇಕು.

ದೊಬ್ರಿನಾ ಗೇಟಿನ ಬಳಿ ಮನೆಯ ಚಪ್ಪಲಿಯಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ಅರ್ಧ ತಿಂದ, ಚೀಸು ತುಂಬಿದ ಬಿಸಿ ಬನಿತ್ಸಾ, ಇನ್ನೊಂದು ಕೈಯಲ್ಲಿ ಫೋನು. ಬೆರಳಿನ ಬೆಣ್ಣೆಯೆಲ್ಲ ಫೋನಿಗೆ ಹತ್ತುತ್ತಿದ್ದರೂ ಅವಳ ಕಣ್ಣು ಅಲ್ಲಿಂದ ಏಳಲಿಲ್ಲ.

‘ಉಪ್ಪುಗದ್ದೆಯ ಕೊನೆಯ ಕಟ್ಟೆ. ನೀಲಕಂಠ, ಒಂಟಿ. ತಂತಿಯ ಮೇಲೆ ಕೂತು, ಕೊಬ್ಬಿದ ಮಿಡತೆಯೊಂದನ್ನು ಬಡಿದು ಬಡಿದು ಮೆತ್ತಗೆ ಮಾಡಿ ನುಂಗಿತು. ಬೇಗ ಬನ್ನಿ. – ಕೆಂಪುಕಾಲು.’

ಈ ‘ಕೆಂಪುಕಾಲು’ ಯಾರೆಂದು ತಿಳಿಯದೆ ಲೆಬೆದೊವೊ ಊರಿನ ಹಕ್ಕಿ ಬಳಗ ಎರಡು ವಾರದಿಂದ ಇಲ್ಲದ ಹಕ್ಕಿಗಳ ಹಿಂದೆ ಓಡುತ್ತಿತ್ತು. ಆ ಸುಳ್ಳುಗಾರನನ್ನು ಹಿಡಿದುಕೊಡುತ್ತೇನೆಂದು ದೊಬ್ರಿನಾ ಎಲ್ಲರೆದುರು ಮಾತು ಕೊಟ್ಟಿದ್ದಳು.

ಕೊಟ್ಟ ಮಾತು ಹಗುರವಾದದ್ದೇನಲ್ಲ. ವಿಮಾ ಕಂಪನಿಯೊಂದರ ತನಿಖಾಧಿಕಾರಿಯಾಗಿ ಅರ್ಧ ಆಯುಷ್ಯ ಕಳೆದವಳು ಅವಳು. ಒಂದೇ ಹಸುವನ್ನು ಎರಡು ಸಲ ಸಾಯಿಸಿದ ರೈತರನ್ನೂ, ತಮ್ಮ ದ್ರಾಕ್ಷಿತೋಟದ ಮೇಲಷ್ಟೇ ಆಲಿಕಲ್ಲು ಬೀಳಿಸಿಕೊಂಡ ಜಮೀನ್ದಾರರನ್ನೂ ಹಿಡಿದಿದ್ದಳು. ಈಗ ಕೆಲಸ ಬಿಟ್ಟು ಹಕ್ಕಿ ನೋಡುತ್ತ ಹಾಯಾಗಿದ್ದವಳಿಗೆ ಹಕ್ಕಿಗಳಲ್ಲೂ ಸುಳ್ಳು ಲೆಕ್ಕ ಶುರುವಾಯಿತಲ್ಲ ಎಂದು ಸಿಟ್ಟು. ನಿಜ ಹೇಳಬೇಕೆಂದರೆ ಆ ಸಿಟ್ಟಿನೊಳಗೆ ಒಂದು ಚೂರು ಖುಷಿಯೂ ಇತ್ತು.

ಬಿಳಿ ಕಾರೊಂದು ಧೂಳೆಬ್ಬಿಸಿಕೊಂಡು ಬಂದು ಗೇಟಿನೆದುರು ನಿಧಾನವಾಯಿತು. ಹಲ್ಲಿನ ಡಾಕ್ಟರ್ ವೆಸ್ಕಾ. ಪಕ್ಕದ ಸೀಟಿನಲ್ಲಿ ತನ್ನ ಮೊಣಕೈಗಿಂತ ಉದ್ದದ ಲೆನ್ಸನ್ನು ಮಗುವಿನ ಹಾಗೆ ಬೆಲ್ಟ್ ಹಾಕಿ ಕೂರಿಸಿದ್ದಳು.

“ಇನ್ನೂ ಚಪ್ಪಲೀಲೇ ಇದ್ದೀರಾ ದೊಬ್ರಿನಾ ಅವರೇ? ಬೆಳಕು ಚೆನ್ನಾಗಿದೆ. ಆಮೇಲೆ ಬಿಸಿಲು ಬಿದ್ರೆ ನೀಲಿ ಬಣ್ಣ ಎಲ್ಲ ಸುಟ್ಟು ಹೋಗುತ್ತೆ!”

“ನಿನ್ನ ರೋಗಿಗಳು ಡಾಕ್ಟ್ರೇ?”

“ಹಲ್ಲು ಎಲ್ಲಿಗೂ ಹಾರಿ ಹೋಗಲ್ಲ!” ಕಾರು ದಕ್ಷಿಣಕ್ಕೆ ಹಾರಿತು.

ಅದರ ಹಿಂದೆ ಸೈಕಲ್ಲು, ಸ್ಕೂಟರು, ಮೀನಿನ ವ್ಯಾನು. ವಸಂತ ಬಂತೆಂದರೆ ಲೆಬೆದೊವೊದವರು ಸಂಬಂಧಿಕರ ಆಗಮನಕ್ಕಿಂತ ಹಕ್ಕಿಗಳ ಆಗಮನವನ್ನೇ ಹೆಚ್ಚು ಮುತುವರ್ಜಿಯಿಂದ ಕಾಯುವವರು. ಯಾರೇ ಏನೇ ಕಂಡರೂ ಬಳಗದ ಪುಟಕ್ಕೆ ಹಾಕಬೇಕು, ಹಾಕಿದ್ದನ್ನು ನಂಬಿ ಉಳಿದವರು ಓಡಬೇಕು. ಅಲ್ಲಿಯ ಸಂತೋಷವೆಲ್ಲ ಆ ನಂಬಿಕೆಯ ಮೇಲೆ ನಿಂತಿತ್ತು.

ದೊಬ್ರಿನಾ ಉಳಿದ ಬನಿತ್ಸಾವನ್ನು ಬಾಯಿಗೆ ಹಾಕಿಕೊಂಡು, ಬೂಟು ತೊಟ್ಟು, ಬೈನಾಕ್ಯುಲರ್ ಕೊರಳಿಗೆ ಹಾಕಿ ಜೀಪು ಹತ್ತಿದಳು.

“ಉತ್ತರಕ್ಕೆ ತಿರುಗಿಸು.”

ಲೋಜಾನನ ದುಂಡು ಮುಖ ಒಮ್ಮೆಲೇ ಉದ್ದವಾಯಿತು. “ಉತ್ತರಕ್ಕಾ? ಉಪ್ಪುಗದ್ದೆ ದಕ್ಷಿಣದಲ್ಲಿದೆ. ನಾವು ಹುಟ್ಟಿದಾಗಿಂದ್ಲೂ ಅಲ್ಲೇ ಇದೆ.”

“ಗೊತ್ತು.”

“ಉತ್ತರದಲ್ಲಿ ಏನಿದೆ ಅಕ್ಕಾ? ಜೊಂಡು, ಕೆಸರು, ಸೊಳ್ಳೆ.”

“ಮಾರ್ಚ್ ತಿಂಗಳಲ್ಲಿ ಸೊಳ್ಳೆ ಇರಲ್ಲ.”

“ನಿಮ್ಮಂಥವರು ಬರ್ತಾರೆ ಅಂದ್ರೆ ಬೇಗ ಹುಟ್ಕೊಳ್ತಾವೆ.”

“ಲೋಜಾನ್, ಮಾರ್ಚ್‌ನಲ್ಲಿ ನೀಲಕಂಠವೂ ಇರಲ್ಲ. ಅದು ಬರೋದಕ್ಕೆ ಇನ್ನೂ ತಿಂಗಳು ಬೇಕು. ತಿರುಗಿಸು.”

ಅವನು ಗೊಣಗುತ್ತಲೇ ಚಕ್ರ ತಿರುಗಿಸಿದ. ದಾರಿಯಲ್ಲಿ ಪೆಟ್ರೋಲು ಹಾಕಿಸಬೇಕೆಂದ. ಮುಳ್ಳು ಅರ್ಧಕ್ಕಿಂತ ಮೇಲಿತ್ತು. ಚಕ್ರದ ಗಾಳಿ ನೋಡಬೇಕೆಂದ. ದೊಬ್ರಿನಾ ಅವನನ್ನು ವಾರೆಗಣ್ಣಿನಿಂದ ನೋಡಿದಳಷ್ಟೇ. ನೀಲಕಂಠ ತಪ್ಪಿಹೋಗುವ ಹೊಟ್ಟೆಯುರಿ ಇರಬೇಕು ಅಂದುಕೊಂಡಳು.

“ನಾಲ್ಕು ಸಲ ಬರೆದಿದ್ದಾನೆ ಕೆಂಪುಕಾಲು,” ಎಂದಳು. “ನಾಲ್ಕೂ ದಕ್ಷಿಣಕ್ಕೇ. ಮೊದಲು ಹಳೇ ಕೋಟೆ ಹತ್ರ ಚಂದ್ರಮುಕುಟ. ಆಮೇಲೆ ತೂಬಿನ ಹತ್ರ ಕೆಸರುಬಕ. ಆಮೇಲೆ ಕೊಕ್ಕರೆ.”

“ಆ ಕೊಕ್ಕರೆ ಸುದ್ದಿ ಎತ್ತಬೇಡಿ.” ಲೋಜಾನ್ ನಿಜವಾಗಿಯೂ ನೊಂದುಕೊಂಡ. ಅವನ ಮಣಿಕಟ್ಟಿನಲ್ಲಿ ಮೊದಲ ಕೊಕ್ಕರೆ ಕಾಣುವತನಕ ಬಿಚ್ಚಬಾರದೆಂದು ಮಾರ್ಚ್ ಮೊದಲನೇ ತಾರೀಕಿಗೆ ಮಗಳು ಕಟ್ಟಿದ ಕೆಂಪು-ಬಿಳಿ ದಾರ ಕೊಳೆಯಾಗಿ ಒಂದೇ ಬಣ್ಣಕ್ಕೆ ಬಂದಿತ್ತು. “ವರ್ಷದ ಮೊದಲ ಕೊಕ್ಕರೆ ಕಂಡಿತು ಅಂದಮೇಲೆ ದಾರ ಬಿಚ್ಚಿ ಮರಕ್ಕೆ ಕಟ್ಟಿಬಿಟ್ಟೆ. ಅದು ಸುಳ್ಳು ಅಂತ ಗೊತ್ತಾದ್ಮೇಲೆ ಮರ ಹತ್ತಿ ವಾಪಸ್ ಬಿಚ್ಕೊಂಡು ಬಂದೆ. ಊರಿನ ಅಜ್ಜಿಯರೆಲ್ಲ ಕೆಳಗೆ ನಿಂತು ನಗ್ತಿದ್ರು. ನಂದು ಮಾತ್ರ ಅಲ್ಲ, ಅವರದ್ದೂ ನಾನೇ ಬಿಚ್ಚಿಕೊಡಬೇಕಾಯ್ತು!”

ದೊಬ್ರಿನಾಗೆ ನಗು ತಡೆಯಲಾಗಲಿಲ್ಲ. “ಅಂದ್ರೆ ಯಾರಿಗೋ ಉತ್ತರದ ದಂಡೆ ಖಾಲಿ ಇರಬೇಕು. ಅದಕ್ಕೇ ಜನರನ್ನ ದಕ್ಷಿಣಕ್ಕೆ ಓಡಿಸ್ತಿದಾನೆ.”

“ಡ್ರಾಗೊಮಿರ್,” ಎಂದ ಲೋಜಾನ್ ತಡವರಿಸದೆ. “ಆ ಮೋಟಾರು ದೋಣಿಗಳ ಯಜಮಾನ. ಸರೋವರದ ತುಂಬ ಪ್ರವಾಸಿಗರನ್ನ ತಿರುಗಿಸ್ತೀನಿ ಅಂತ ಹೋದ ವರ್ಷದಿಂದ ಕುಣೀತಿದಾನೆ. ಗುಟ್ಟಾಗಿ ಜೊಂಡು ಕಡಿಸ್ತಿರಬೇಕು.”

“ಅವನಿಗೆ ಬಾತುಕೋಳಿಗೂ ಹಂಸಕ್ಕೂ ವ್ಯತ್ಯಾಸ ಗೊತ್ತಿಲ್ಲ. ಕೆಸರುಬಕದ ಬಗ್ಗೆ ಅಷ್ಟು ಚೆಂದ ಹೇಗೆ ಬರೀತಾನೆ?”

“ಹಾಗಾದ್ರೆ ಡಾಕ್ಟ್ರು. ಎಲ್ಲರನ್ನೂ ಅತ್ಲಾಗೆ ಕಳಿಸಿ ಒಳ್ಳೇ ಫೋಟೊ ತಾನೊಬ್ಬಳೇ ಹೊಡ್ಕೊಳ್ಳೋಕೆ.”

“ಅವಳು ಪ್ರತಿ ಸಲವೂ ಎಲ್ಲರಿಗಿಂತ ಮೊದಲು ದಕ್ಷಿಣಕ್ಕೆ ಓಡ್ತಾಳೆ.” ದೊಬ್ರಿನಾ ಫೋನು ತೆರೆದಳು. “ಕೊಕ್ಕರೆಯ ಜೊತೆ ಫೋಟೊ ಹಾಕಿದ್ದ ನೋಡು. ಹಿಂದೆ ಕಾವಲು ಗೋಪುರ ಕಾಣುತ್ತೆ. ಮೆಟ್ಟಿಲಿನ ಕಂಬಿ ತುಕ್ಕು ಹಿಡಿದಿದೆ. ಆ ಕಂಬಿಗೆ ಶರತ್ಕಾಲದಲ್ಲಿ ನಾವೇ ಹಸಿರು ಬಣ್ಣ ಹೊಡೆದ್ವಲ್ಲ?”

“ನನ್ನ ಪ್ಯಾಂಟಿಗೂ ಹೊಡೆದ್ರಿ.”

“ಹಳೇ ಫೋಟೊ. ಆದ್ರೆ ಹಳೇ ಫೋಟೊಗಳು ಬಳಗದ ಎಲ್ಲರ ಹತ್ರಾನೂ ಇವೆ. ಅದರಿಂದ ಏನೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ ಕಡೆ. ಕೇಳು, ಓದ್ತೀನಿ. ‘ಮೊದಲು ಊಪ್ ಊಪ್ ಊಪ್ ಎಂಬ ಮೂರು ಸಮಾನ ಸ್ವರ, ಆಮೇಲೆ ಹಕ್ಕಿ.’ ಇದು ಚಂದ್ರಮುಕುಟ. ‘ಖಾಲಿ ಪೀಪಾಯಿಯ ಬಾಯಿಗೆ ಊದಿದಂಥ ಮಂದ್ರ, ಎರಡು ಉಸಿರಿನ ಅಂತರ.’ ಇದು ಕೆಸರುಬಕ. ಇನ್ನು ಕೊಕ್ಕರೆ: ‘ಕೊಕ್ಕಿನ ತಾಳ ನಿಧಾನವಾಗಿ ಶುರುವಾಗಿ ದ್ರುತಕ್ಕೆ ಏರಿತು.’ ಎಲ್ಲೂ ಬಣ್ಣ ಇಲ್ಲ, ರೆಕ್ಕೆ ಇಲ್ಲ. ಬರೀ ದನಿ. ಡಾಕ್ಟ್ರು ಸುಳ್ಳು ಹೇಳಿದ್ರೆ ಬೆಳಕಿನ ಬಗ್ಗೆ ಹೇಳ್ತಾಳೆ. ಸುಳ್ಳು ಹೇಳೋನು ಏನನ್ನ ಬೇಕಾದ್ರೂ ಕಟ್ತಾನೆ ಲೋಜಾನ್, ತನ್ನ ಕಿವಿ ಕಣ್ಣುಗಳನ್ನ ಬದಲಾಯಿಸಿಕೊಳ್ಳೋಕೆ ಆಗಲ್ಲ.”

ಲೋಜಾನ್ ಧಡಕ್ಕನೆ ಬ್ರೇಕು ತುಳಿದ. ದೊಬ್ರಿನಾಳ ಹಣೆ ಗಾಜಿಗೆ ತಾಗುವುದರಲ್ಲಿತ್ತು.

“ಏನಾಯ್ತೋ?”

ಅವನು ಬೆರಳು ತೋರಿಸಿದ. ರಸ್ತೆಯ ಎಡಕ್ಕೆ ಉತ್ತ ಹೊಲ. ಒದ್ದೆ ಕಪ್ಪು ಮಣ್ಣಿನ ಹೆಂಟೆಗಳ ನಡುವೆ, ಹೊಲದ ಲೆಕ್ಕ ಪರಿಶೀಲಿಸಲು ಬಂದ ಅಧಿಕಾರಿಯ ಗತ್ತಿನಲ್ಲಿ, ಕೆಂಪು ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತ ಒಂದು ಕೊಕ್ಕರೆ ನಡೆಯುತ್ತಿತ್ತು. ಆಫ್ರಿಕಾದಿಂದ ಬಂದ ಆಯಾಸವೆಲ್ಲ ಅದರ ರೆಕ್ಕೆಯ ಕೊಳೆಯಲ್ಲಿತ್ತು. ಅದು ನಿಂತಿತು, ಬಗ್ಗಿತು, ಏನನ್ನೋ ಎತ್ತಿ ಗುಟುಕರಿಸಿತು.

“ಎರೆಹುಳ,” ಎಂದು ಲೋಜಾನ್ ಪಿಸುಗುಟ್ಟಿದ. “ದೊಡ್ಡದು. ಆಹಾ, ಏನು ಹಸಿವು ಪಾಪ.”

ಅವನ ಕಣ್ಣು ತುಂಬಿತ್ತು. ಕೆಳಗಿಳಿದವನೇ ಹೊಲದ ಬದುವಿನ ಪ್ಲಮ್ ಮರದತ್ತ ಬಾಗಿ ಬಾಗಿ ನಡೆದ. ಮರ ಎಲೆಯನ್ನೇ ಮರೆತು ಬಿಳಿ ಹೂವಾಗಿ ನಿಂತಿತ್ತು. ದಾರ ಬಿಚ್ಚಲು ಹಲ್ಲು ಬೇಕಾಯಿತು. ಎರಡನೇ ಸಲ ಕಟ್ಟಿಕೊಂಡಿದ್ದರಿಂದ ಗಂಟು ಬಿಗಿದುಹೋಗಿತ್ತು. ಕೊನೆಗೆ ಅದನ್ನು ಕೊಂಬೆಗೆ ಕಟ್ಟಿ, ಮಗಳಿಗೆ ಆರೋಗ್ಯವಿರಲಿ, ಹೋಟೆಲಿಗೆ ಜನ ಬರಲಿ ಎಂದು ಗಟ್ಟಿಯಾಗಿಯೇ ಬೇಡಿಕೊಂಡ. ಕೊಕ್ಕರೆ ತಲೆಯೆತ್ತಿ ಅವನನ್ನೊಮ್ಮೆ ನೋಡಿ ತನ್ನ ಕೆಲಸಕ್ಕೆ ಮರಳಿತು.

“ಬಳಗಕ್ಕೆ ಹಾಕಿ ಅಕ್ಕಾ! ವರ್ಷದ ಮೊದಲ ಕೊಕ್ಕರೆ! ನಮ್ಮ ಹೆಸರಲ್ಲಿ!”

ದೊಬ್ರಿನಾ ಫೋನು ಎತ್ತಿದಳು. ನಾಲ್ಕಕ್ಷರ ಬರೆದಳು. ಬರೆದದ್ದನ್ನು ಅಳಿಸಿದಳು.

“ಯಾಕೆ?”

“ಯಾರು ನಂಬ್ತಾರೆ? ಕಳೆದ ವಾರವಷ್ಟೇ ಕೊಕ್ಕರೆ ಅಂತ ಊರಿಗೆ ಊರೇ ಓಡಿತ್ತು. ಈಗ ನಿಜವಾದ ಕೊಕ್ಕರೆಗೂ ಜನ ನಗ್ತಾರೆ.” ಅವಳು ಜೀಪಿನ ಬಾಗಿಲು ಎಳೆದುಕೊಂಡಳು. “ಅದಕ್ಕೇ ಅವರನ್ನ ಹಿಡೀಬೇಕು ಅಂತಿರೋದು ನಾನು.”

“ಅವರು ಅಂದ್ರಾ? ಇಷ್ಟು ಹೊತ್ತು ಅವನು ಅಂತಿದ್ರಿ.”

“ವಯಸ್ಸಾದವರಿಗೆ ಮರ್ಯಾದೆ ಕೊಡಬೇಕಲ್ಲ,” ಎಂದಳು ದೊಬ್ರಿನಾ.

*

ಉತ್ತರದ ದಂಡೆಗೆ ಜೀಪು ಹೋಗುವ ದಾರಿ ವಿಲೋ ಮರಗಳ ತೋಪಿನಲ್ಲಿ ಮುಗಿಯುತ್ತದೆ. ಅಲ್ಲೊಂದು ಪೊದೆಯೊಳಗೆ, ಮೇಲೆ ಒಣ ಜೊಂಡು ಹೊದಿಸಿ, ಸೈಕಲ್ಲೊಂದನ್ನು ಬಚ್ಚಿಟ್ಟಿದ್ದರು. ಬಚ್ಚಿಟ್ಟವರಿಗೆ ಬಚ್ಚಿಡುವ ಅಭ್ಯಾಸವಿರಲಿಲ್ಲ. ಹಿತ್ತಾಳೆಯ ಗಂಟೆ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಲೆಬೆದೊವೊದಲ್ಲಿ ಆ ಗಂಟೆಯನ್ನು ಗುರುತಿಸದವರಿಲ್ಲ. ಅದರ ಸ್ವರ ಸರಿಯಿಲ್ಲವೆಂದು ಅದರ ಒಡೆಯರು ಅರದಿಂದ ಉಜ್ಜಿ ಶ್ರುತಿ ಮಾಡಿಕೊಂಡಿದ್ದರು.

“ಅಯ್ಯೋ,” ಎಂದ ಲೋಜಾನ್. “ಮೇಷ್ಟ್ರು.”

ಕೆಸರಿನಲ್ಲಿ ಹೆಜ್ಜೆ ಗುರುತುಗಳಿದ್ದವು. ಅವುಗಳ ಜಾಡು ಹಿಡಿದು ಜೊಂಡಿನ ನಡುವಿನ ಕಿರುದಾರಿಯಲ್ಲಿ ನಡೆದರು. ಕೊನೆಯಲ್ಲಿ ಜೊಂಡನ್ನೇ ಹೆಣೆದು ಮಾಡಿದ ಮರೆ; ಅದರ ಹಿಂದೆ ಮಗುಚಿ ಹಾಕಿದ ಟೊಮೇಟೊ ಪೆಟ್ಟಿಗೆಯ ಮೇಲೆ, ಕೊರಳಿಗೆ ಹೆಣೆದ ಮಫ್ಲರ್ ಸುತ್ತಿಕೊಂಡು, ತೊಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು ಎವ್ಸ್ತಾತಿ ಮೇಷ್ಟ್ರು ಕೂತಿದ್ದರು. ಲೆಬೆದೊವೊ ಶಾಲೆಯಲ್ಲಿ ಎರಡು ತಲೆಮಾರಿಗೆ ಸಂಗೀತ ಕಲಿಸಿದವರು. ಹಕ್ಕಿ ಬಳಗ ಹುಟ್ಟುಹಾಕಿದವರೂ ಅವರೇ. ಸುಳ್ಳು ಹೇಳಿದ ಸದಸ್ಯರನ್ನು ಬಳಗದಿಂದ ಹೊರಹಾಕಬೇಕೆಂಬ ನಿಯಮ ಮಾಡಿದವರೂ ಅವರೇ.

ದೊಬ್ರಿನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಈ ಗಳಿಗೆಗಾಗಿ ಮನೆಯಲ್ಲಿ ಕನ್ನಡಿಯ ಮುಂದೆ ಒಂದೆರಡು ಮಾತು ಜೋಡಿಸಿಕೊಂಡಿದ್ದಳು.

“ಮೇಷ್ಟ್ರೇ, ಕೆಂಪುಕಾಲು–”

“ಶ್! ತಲೆ ತಗ್ಗಿಸು ಹುಡುಗೀ!”

ಐವತ್ತು ದಾಟಿದ ದೊಬ್ರಿನಾ ಐದನೇ ತರಗತಿಯ ಹುಡುಗಿಯ ಹಾಗೆ ದೊಪ್ಪನೆ ಕೆಸರಿನಲ್ಲಿ ಕುಕ್ಕರಿಸಿದಳು. ಲೋಜಾನ್ ಅವಳ ಪಕ್ಕ ಕುಕ್ಕರಿಸಲು ಹೋಗಿ ಕೆಸರಲ್ಲೇ ಪೂರ್ತಿ ಕೂತೇಬಿಟ್ಟ.

“ಕೆಂಪುಕಾಲು ನೀವೇ,” ಎಂದು ಅವಳು ಪಿಸುಗುಟ್ಟಿದಳು. ಪಿಸುಮಾತಿನಲ್ಲಿ ಆ ವಾಕ್ಯದ ತೂಕವೆಲ್ಲ ಹೋಗಿಬಿಟ್ಟಿತು.

ಮೇಷ್ಟ್ರು ಅವಳನ್ನು ನೋಡಿದರು. ಆಮೇಲೆ ಆ ನಾಡಿನ ರೂಢಿಯಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ ಹೌದೆಂದು ಒಪ್ಪಿಕೊಂಡರು. “ದನಿಯಿಂದ ಹಿಡಿದ್ಯಾ?”

“ಮಂದ್ರ, ದ್ರುತ ಅಂತೆಲ್ಲ ಬರೆದ್ರೆ ಇನ್ನೇನಾಗುತ್ತೆ?”

“ಪರವಾಗಿಲ್ಲ. ಶಾಲೇಲಿ ನಿನಗೆ ಹಾಡೋಕೆ ಯಾವತ್ತೂ ಬರ್ತಿರಲಿಲ್ಲ, ಆದ್ರೆ ಯಾರು ಅಪಸ್ವರ ಅಂತ ಮಾತ್ರ ಸರಿಯಾಗಿ ಹೇಳ್ತಿದ್ದೆ.” ಅವರು ಮುಕ್ಕಾಲಿಯ ಮೇಲಿಟ್ಟಿದ್ದ ತಮ್ಮ ದೂರದರ್ಶಕದ ಮುಂದಿನಿಂದ ಸರಿದು ಅವಳಿಗೆ ಜಾಗ ಬಿಟ್ಟರು. “ಬೈಯೋದಕ್ಕೆ ಮುಂಚೆ ಇದರಲ್ಲಿ ನೋಡು. ಆಮೇಲೆ ಎಷ್ಟು ಬೇಕಾದ್ರೂ ಬೈ.”

ದೊಬ್ರಿನಾ ಕಣ್ಣಿಟ್ಟಳು.

ಮೊದಲು ಬರೀ ನೀರು, ಬೆಳಕು. ಆಮೇಲೆ ಜೊಂಡಿನ ತೇಲುದಿಬ್ಬ. ಅದರ ಮೇಲೆ ಬೂದು ಬೆಳ್ಳಿಯ ಬಣ್ಣದ ದೊಡ್ಡದೊಂದು ರಾಶಿ. ರಾಶಿ ಅಲುಗಿತು. ಉದ್ದ ಕೊರಳೊಂದು ಬಿಚ್ಚಿಕೊಂಡಿತು. ಕೊರಳಿನ ತುದಿಯಲ್ಲಿ, ಈಗಷ್ಟೇ ಹಾಸಿಗೆಯಿಂದೆದ್ದವರ ತಲೆಯ ಹಾಗೆ ಕೆದರಿದ ಗುಂಗುರು ಜುಟ್ಟು. ಕೊಕ್ಕಿನ ಕೆಳಗೆ ಕಿತ್ತಳೆಗೆಂಪಿನ ಚೀಲ, ಮಾಗಿದ ಮೆಣಸಿನಕಾಯಿಯ ಹಾಗೆ ಉರಿಯುತ್ತಿತ್ತು.

“ಹೆಜ್ಜಾರ್ಲೆ,” ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಗುಂಗುರುತಲೆ ಹೆಜ್ಜಾರ್ಲೆ. ಗೂಡಿನ ಮೇಲೆ.”

“ಪಕ್ಕದಲ್ಲಿ ಇನ್ನೊಂದು. ಹಿಂದೆ ಮತ್ತೊಂದು ಇರಬೇಕು, ಜೊಂಡು ಅಡ್ಡ ಬರುತ್ತೆ.”

ಅಷ್ಟರಲ್ಲಿ ಆಕಾಶದಿಂದ ಗಂಡು ಹಕ್ಕಿಯೊಂದು ಇಳಿಯಿತು. ಇಷ್ಟಗಲ ರೆಕ್ಕೆ ಬಿಚ್ಚಿ, ಎರಡೂ ಪಾದ ಮುಂದಕ್ಕೆ ಚಾಚಿ, ನೀರಿನ ಮೇಲೆ ಜಾರುಬಂಡೆ ಆಡುವಂತೆ ಬಂದು ನಿಂತಿತು. ಕೊಕ್ಕಿನಲ್ಲಿ ಒಂದೇ ಒಂದು ಕಡ್ಡಿ. ಅಷ್ಟು ದೊಡ್ಡ ಹಕ್ಕಿ ಅಷ್ಟು ಪುಟ್ಟ ಕಡ್ಡಿಯನ್ನು ಗೂಡಿನಲ್ಲಿದ್ದವಳ ಮುಂದೆ ಅತಿ ವಿನಯದಿಂದ ಇಟ್ಟಿತು. ಅವಳು ಅದನ್ನು ನೋಡಿದಳು, ತೆಗೆದುಕೊಂಡಳು, ಬೇರೆ ಕಡೆ ಇಟ್ಟಳು.

“ನನ್ನ ಹೆಂಡತೀನೂ ಹೀಗೇ,” ಎಂದ ಲೋಜಾನ್, ಬೈನಾಕ್ಯುಲರಿನಿಂದ ಕಣ್ಣು ತೆಗೆಯದೆ. “ಏನು ತಂದ್ಕೊಟ್ರೂ ಬೇರೆ ಕಡೆ ಇಡ್ತಾಳೆ.”

ದೊಬ್ರಿನಾ ನಕ್ಕಳು. ನಗು ಅಳುವಿನ ಹತ್ತಿರ ಬಂದು ಮತ್ತೆ ನಗುವಾಯಿತು. ಅವಳ ತಾಯಿ ಈ ಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತಿದ್ದ ಕಾಲದ ಕಥೆ ಹೇಳುತ್ತಿದ್ದಳು. ಆಮೇಲೆ ಅವು ಸರೋವರದ ಮೇಲೆ ಹಾದುಹೋಗುತ್ತಿದ್ದವು, ಮೀನು ಹಿಡಿದು ಮುಂದಕ್ಕೆ ಹಾರುತ್ತಿದ್ದವು, ನಿಲ್ಲುತ್ತಿರಲಿಲ್ಲ. ಒಂದು ಊರನ್ನು ಬಿಟ್ಟುಹೋದವರು ಮರಳಿ ಬಂದು, ಬಾಗಿಲು ತೆಗೆದು, ಒಲೆ ಹಚ್ಚಿದಂತಿತ್ತು.

“ನಮಗೆ ಯಾಕೆ ಹೇಳಲಿಲ್ಲ ಮೇಷ್ಟ್ರೇ?”

ಮೇಷ್ಟ್ರು ಫ್ಲಾಸ್ಕಿನಿಂದ ಲಿಂಡೆನ್ ಹೂವಿನ ಚಹಾ ಬಗ್ಗಿಸಿ ಅವಳ ಕೈಗೆ ಕೊಟ್ಟರು. “ಬುರ್ಗಾಸ್ ಪಟ್ಟಣದಲ್ಲಿರೋ ಪಕ್ಷಿ ವಿಜ್ಞಾನಿಗೆ ಹೇಳಿದ್ದೀನಿ, ಆಕೆಯೊಬ್ಬಳಿಗೇ. ಮೊಟ್ಟೆ ಒಡೆಯೋತನಕ ಬಾಯಿ ಬಿಡಬೇಡಿ ಅಂದ್ಲು. ಈಗ ಹೆದರಿ ಎದ್ವು ಅಂದ್ರೆ ಮೊಟ್ಟೆ ತಣ್ಣಗಾಗುತ್ತೆ, ಕಾಗೆ ಒಯ್ಯುತ್ತೆ, ಇವು ಹೊರಟುಹೋಗ್ತವೆ. ಮರಿ ಬಂದಮೇಲೆ ಭಯವಿಲ್ಲ.”

“ನಮ್ಮ ಬಳಗದವರು ಹಕ್ಕಿಗೆ ತೊಂದರೆ ಕೊಡ್ತಾರಾ?”

“ಕೊಡೋ ಉದ್ದೇಶ ಯಾರಿಗೂ ಇರಲ್ಲ ಮಗೂ. ಆದ್ರೆ ನಮ್ಮವರನ್ನ ನೀನು ಬಲ್ಲೆ. ಹೆಜ್ಜಾರ್ಲೆ ಬಂತು ಅಂದ್ರೆ ಅಜ್ಜಿ, ಮೊಮ್ಮಕ್ಕಳು, ಅಕಾರ್ಡಿಯನ್ ಎಲ್ಲ ದೋಣಿ ಹತ್ತುತ್ತೆ. ಪಾಪ, ಪ್ರೀತಿಯಿಂದ್ಲೇ.” ಅವರು ಮಫ್ಲರ್ ಸರಿಮಾಡಿಕೊಂಡರು. “ಅದಕ್ಕೇ ಸುಳ್ಳು ಬರೆದೆ. ನಾನು ಮಾಡಿದ ನಿಯಮ ನಾನೇ ಮುರಿದೆ. ಆದ್ರೆ ಕೆಸರುಬಕದ್ದು ಚೆನ್ನಾಗಿತ್ತು ಅಲ್ವಾ?”

“ಚೆನ್ನಾಗಿತ್ತು,” ಎಂದು ದೊಬ್ರಿನಾ ಒಪ್ಪಿಕೊಂಡಳು. “ಕೊಕ್ಕರೆ ಮಾತ್ರ ಕ್ಷಮಿಸಲ್ಲ. ಇವತ್ತಿನ ನೀಲಕಂಠವಂತೂ ತೀರಾ ಕಳಪೆ. ಮಾರ್ಚ್‌ನಲ್ಲಿ ನೀಲಕಂಠ ಬರಲ್ಲ ಅಂತ ನಮಗೆ ಕಲಿಸಿದವರೇ ನೀವು.”

ಮೇಷ್ಟ್ರ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಅಲ್ಲೇ ನಿಂತಿತು.

“ಯಾವ ನೀಲಕಂಠ?”

“ಇವತ್ತು ಬೆಳಿಗ್ಗೆ ಬರೆದಿದ್ದು. ಉಪ್ಪುಗದ್ದೆ.”

“ಇವತ್ತು ನಾನೇನೂ ಬರೆದಿಲ್ಲ. ಕತ್ತಲಿರೋವಾಗಲೇ ಮನೆ ಬಿಟ್ಟೆ. ಫೋನು ಅಡುಗೆ ಮನೇಲಿ ಚಾರ್ಜಿಗೆ ಹಾಕಿದೆ, ಅಲ್ಲೇ ಇದೆ.”

ದೊಬ್ರಿನಾ ಸಂದೇಶವನ್ನು ಮತ್ತೆ ತೆರೆದಳು. ಬೆಳಿಗ್ಗೆ ಗೇಟಿನ ಬಳಿ ಓದಿದಾಗಲೇ ಏನೋ ಕಡಿಮೆ ಎನಿಸಿತ್ತು; ಮಾರ್ಚ್ ತಿಂಗಳ ನೀಲಕಂಠವೆಂಬ ಸಿಟ್ಟಿನಲ್ಲಿ ಅದರ ಹಿಂದೆ ಹೋಗಿರಲಿಲ್ಲ. ಈಗ ಕಂಡಿತು. ಇದರಲ್ಲಿ ದನಿಯೇ ಇಲ್ಲ. ಹಕ್ಕಿ ಕೂಗುವುದಿಲ್ಲ. ಹಕ್ಕಿ ತಿನ್ನುತ್ತದೆ. ಕೊಬ್ಬಿದ ಮಿಡತೆಯನ್ನು, ಬಡಿದು ಬಡಿದು, ಮೆತ್ತಗೆ ಮಾಡಿ.

ಅವಳು ನಿಧಾನವಾಗಿ ಲೋಜಾನನ ಕಡೆ ತಿರುಗಿದಳು.

ಲೋಜಾನ್ ಬೈನಾಕ್ಯುಲರನ್ನು ಕಣ್ಣಿಗೆ ಗಟ್ಟಿಯಾಗಿ ಒತ್ತಿಕೊಂಡು ಸರೋವರವನ್ನೇ ನೋಡುತ್ತಿದ್ದ. ಆಗಲೇ ಹಾಕಿದ್ದ ಅದರ ಮುಚ್ಚಳವನ್ನು ಮತ್ತೆ ತೆಗೆದಿರಲಿಲ್ಲ.

“ಲೋಜಾನ್.”

“ಏನು ಸೊಗಸಾದ ಹಕ್ಕಿಗಳು.”

“ಮಿಡತೇನ ಮೆತ್ತಗೆ ಮಾಡಿ ತಿನ್ನುತ್ತೆ ಅಂತ ಈ ಊರಲ್ಲಿ ಇನ್ಯಾರು ಬರೀತಾರೆ? ಬಾಣಲೆಗೆ ಹಾಕೋ ಮುಂಚೆ ಸ್ಕ್ವಿಡ್ ಬಡಿದಂಗೆ!”

ಅವನು ಬೈನಾಕ್ಯುಲರ್ ಇಳಿಸಿದ. ಮುಖವೆಲ್ಲ ಬೀಟ್‌ರೂಟ್ ಆಗಿತ್ತು. “ನನಗೆ ಮೇಷ್ಟ್ರ ಹಾಗೆ ಬರೆಯೋಕೆ ಎಲ್ಲಿ ಬರುತ್ತೆ ಅಕ್ಕಾ? ಅರ್ಧ ಗಂಟೆ ಒದ್ದಾಡಿದೆ.”

“ಇವನೇ ನನಗೆ ಆ ಹೆಸರಿನ ಖಾತೆ ಮಾಡಿಕೊಟ್ಟಿದ್ದು,” ಎಂದರು ಮೇಷ್ಟ್ರು ಬೆರಗಿನಿಂದ. “ನನ್ನ ಫೋನಿಗೆ ಏನೋ ಬೇಕು ಅಂತ ಇವನ ಹೋಟೆಲಿಗೆ ಹೋಗಿದ್ದೆ. ಗುಪ್ತಪದ ಹಾಕಿದ್ದೂ ಇವನೇ. ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ!”

“ಕೇಳಲಿಲ್ಲ. ಹಿಂಬಾಲಿಸಿಕೊಂಡು ಬಂದೆ.” ಲೋಜಾನ್ ಕೆಸರಿನ ಕೈಯನ್ನು ಪ್ಯಾಂಟಿಗೆ ಒರೆಸಿದ. “ಮಾರನೇ ದಿನವೇ. ಆ ವಿಲೋ ಮರದ ಹಿಂದೆ ನಿಂತು ನೋಡಿದೆ. ಆವತ್ತಿಂದ ಹೊಟ್ಟೇಲಿ ಇಟ್ಕೊಂಡಿದೀನಿ, ಹೆಂಡತಿಗೂ ಹೇಳಿಲ್ಲ. ನನಗೆ ಅದೆಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ ಅಕ್ಕಾ!”

“ಮರ ಹತ್ತಿ ದಾರ ಬಿಚ್ಚಿದ್ದು? ಅಜ್ಜಿಯರು ನಕ್ಕಿದ್ದು?”

“ಸುಳ್ಳು ಅಂತ ಗೊತ್ತಿದ್ದೂ ಕಟ್ಟಿದೆ. ಇಲ್ಲ ಅಂದ್ರೆ ನಿಮಗೆ ಅನುಮಾನ ಬರ್ತಿತ್ತು.”

ಮೊದಲು ನಕ್ಕವರು ಮೇಷ್ಟ್ರು, ಮಫ್ಲರಿನ ತುದಿಯನ್ನು ಬಾಯಿಗೆ ತುರುಕಿಕೊಂಡು. ಆಮೇಲೆ ದೊಬ್ರಿನಾ. ಮೂವರೂ ದನಿಯಿಲ್ಲದೆ, ಭುಜ ಕುಲುಕಿಸುತ್ತ, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಒಂದೇ ಹಕ್ಕಿಗಾಗಿ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಕಾವಲು ನಿಂತಿದ್ದರು. ಅವರನ್ನು ಹಿಡಿಯಲು ಹೊರಟ ತನಿಖಾಧಿಕಾರಿಯನ್ನು ಅವರಲ್ಲೊಬ್ಬನೇ ಜೀಪಿನಲ್ಲಿ ಕೂರಿಸಿಕೊಂಡು ತಿರುಗಾಡಿಸಿದ್ದ. ಇಷ್ಟು ಚೆಂದವಾಗಿ ಅವಳು ಯಾವತ್ತೂ ಮೋಸಹೋಗಿರಲಿಲ್ಲ.

ಹಳೇ ಅಭ್ಯಾಸ ಮಾತ್ರ ನಗುವಿನ ನಡುವೆಯೂ ಕೆಲಸ ಮಾಡುತ್ತಿತ್ತು.

“ಇವತ್ತೇ ಯಾಕೆ ಬರೆದೆ ಲೋಜಾನ್?”

ಅವನ ನಗು ನಿಂತಿತು. “ಅದನ್ನೇ ಮೇಷ್ಟ್ರಿಗೆ ಹೇಳಬೇಕು ಅಂತಿದ್ದೆ. ನಿನ್ನೆ ಹೋಟೆಲಿಗೆ ಒಬ್ಬ ಬಂದಿದ್ದ. ಕಾರಿನ ಮೇಲೆ ರಬ್ಬರ್ ದೋಣಿ. ಉತ್ತರದ ದಂಡೆಗೆ ದಾರಿ ಯಾವುದು ಅಂತ ಕೇಳಿದ. ನಮ್ಮ ಬಳಗದ ಪುಟ ಅವನ ಫೋನಲ್ಲಿ ತೆರೆದಿತ್ತು. ಕೆಂಪುಕಾಲು ಅಂದ್ರೆ ಯಾರು ಅಂತಾನೂ ಕೇಳಿದ, ನಗ್ತಾ ಕೇಳಿದ.”

“ಹೇಗಿದ್ದ?”

“ಮೀನುಸಾರಿಗೆ ವಿನೆಗರ್ ಹಾಕ್ಕೊಳ್ಲಿಲ್ಲ. ಮೆಣಸಿನಕಾಯಿ ಮುಟ್ಟಲಿಲ್ಲ. ಬ್ರೆಡ್ಡಿನ ಒಳಗಿನ ಮೆತ್ತನೆ ಭಾಗ ಬಿಟ್ಟು ಹೊರಗಿನ ಗಟ್ಟಿ ಅಂಚು ತಿಂದ.”

“ಮುಖ ಲೋಜಾನ್, ಮುಖ!”

“ಮುಖ... ಟೋಪಿ ಇತ್ತು.” ಅವನು ನಾಚಿಕೊಂಡ. “ಆದ್ರೆ ಹಿಂದಿನ ಸೀಟಲ್ಲಿ ಒಂದು ಪೆಟ್ಟಿಗೆ ನೋಡಿದೆ. ಗೂಡು ಗೂಡಾಗಿ ಮಾಡಿ ಒಳಗೆಲ್ಲ ಹತ್ತಿ ತುಂಬಿತ್ತು. ಮೊಟ್ಟೆ ಇಡೋ ಪೆಟ್ಟಿಗೆ ಅಕ್ಕಾ. ನಾನು ದಿನಾ ಮೊಟ್ಟೆ ತರಿಸೋನು, ನನಗೆ ಗೊತ್ತಾಗಲ್ವಾ? ಆದ್ರೆ ಕೋಳಿ ಮೊಟ್ಟೆಗೆ ಅಷ್ಟು ದೊಡ್ಡ ಗೂಡು ಬೇಡ. ಅದಕ್ಕೇ ಅವನನ್ನೂ ಉಪ್ಪುಗದ್ದೆಗೆ ಓಡಿಸೋಣ ಅಂತ ನೀಲಕಂಠ ಬರೆದೆ.”

ಮೇಷ್ಟ್ರು ದೂರದರ್ಶಕಕ್ಕೆ ಕಣ್ಣಿಟ್ಟು ಗೂಡನ್ನು ಮತ್ತೊಮ್ಮೆ ನೋಡಿದರು. ಕಾಡುಹಕ್ಕಿಗಳ ಮೊಟ್ಟೆ ಕದ್ದು ಮಾರುವವರ ಸುದ್ದಿ ಅವರೆಲ್ಲ ಪತ್ರಿಕೆಯಲ್ಲಿ ಓದಿದ್ದರು. ಲೆಬೆದೊವೊದಲ್ಲಿ ಅಂಥದ್ದು ನಡೆದಿರಲಿಲ್ಲ. ಕದಿಯುವಂಥದ್ದು ಇಲ್ಲಿ ಏನೂ ಇರಲಿಲ್ಲವಲ್ಲ, ಈ ವಸಂತದವರೆಗೆ.

“ನೀನು ಬರೆದ ಸುಳ್ಳನ್ನ ಅವನು ನಂಬಿದ್ದಾನೆ ಅಂತ ಏನು ಗ್ಯಾರಂಟಿ?” ಎಂದಳು ದೊಬ್ರಿನಾ. “ಹಕ್ಕಿ ಬಲ್ಲವನಾದ್ರೆ ಮಾರ್ಚ್‌ನ ನೀಲಕಂಠ ನೋಡಿ ನಕ್ಕಿರ್ತಾನೆ. ಯಾವ ಕಡೆ ಯಾರೂ ಇಲ್ಲ ಅಂತ ಅವನಿಗೆ ನೀನೇ ಹೇಳಿಕೊಟ್ಟಂಗಾಯ್ತು.”

ಲೋಜಾನ್ ಅಂಗೈಯಿಂದ ಹಣೆ ಬಡಿದುಕೊಂಡ.

ಅವಳು ಬುರ್ಗಾಸಿನ ವಿಜ್ಞಾನಿಯ ನಂಬರು ಕೊಡಿ ಎಂದು ಮೇಷ್ಟ್ರ ಕಡೆ ತಿರುಗಿದಳು. ಅಷ್ಟರಲ್ಲಿ ಅವಳ ಅಂಗೈಯಲ್ಲಿ ಫೋನು ನಡುಗಿತು. ಬಳಗದ ಪುಟಕ್ಕೆ ಹೊಸದೊಂದು ಫೋಟೊ ಬಂದಿತ್ತು.

ಮುಂಭಾಗದಲ್ಲಿ ಗೂಡಿನ ಮೇಲೆ ಕೂತ ಹೆಜ್ಜಾರ್ಲೆ. ಒಂದೊಂದು ಗರಿಯೂ, ಕಣ್ಣಿನ ಬಿಳಿ ಉಂಗುರವೂ ಎಣಿಸುವಷ್ಟು ಸ್ಪಷ್ಟ. ಆದರೆ ಹಕ್ಕಿ ಇವರಿಗೆ ಎಡಮುಖವಾಗಿ ಕೂತಿತ್ತು, ಫೋಟೊದಲ್ಲಿ ಬಲಮುಖವಾಗಿತ್ತು. ದಿಬ್ಬದ ಆಚೆ ಬದಿಯಿಂದ ತೆಗೆದದ್ದು.

ಹಕ್ಕಿಯ ಬೆನ್ನ ಹಿಂದೆ, ಮಸುಕಾಗಿ, ಜೊಂಡಿನ ಮರೆಯೊಂದು ಕಾಣುತ್ತಿತ್ತು. ಮರೆಯ ಸಂದಿಯಲ್ಲಿ ಮೂರು ಜನ. ಬಾಯಿಗೆ ಮಫ್ಲರ್ ತುರುಕಿಕೊಂಡ ಮುದುಕರು. ಕಣ್ಣೊರೆಸಿಕೊಳ್ಳುತ್ತಿರುವ ದಪ್ಪ ಮನುಷ್ಯ. ತಲೆ ಹಿಂದಕ್ಕೆ ಹಾಕಿ ನಗುತ್ತಿರುವ ಹೆಂಗಸು.

ದೊಬ್ರಿನಾ ತನ್ನ ನಗುವನ್ನೇ ನೋಡುತ್ತ ಕೂತಳು. ಆ ನಗುವಿನ ಕಣ್ಣೀರು ಇನ್ನೂ ಆರಿರಲಿಲ್ಲ.

“ಮೇಷ್ಟ್ರೇ, ನಿಮ್ಮ ಫೋನು ಮನೇಲಿದೆ ಅಂದ್ರಿ.”

“ಅಡುಗೆ ಮನೇಲಿ.”

“ಲೋಜಾನ್, ನಿಂದು?”

ಅವನು ಜೇಬಿನಿಂದ ಫೋನು ತೆಗೆದು ತೋರಿಸಿದ. ಕೆಸರಿನಲ್ಲಿ ಕೂತಾಗ ಒದ್ದೆಯಾಗಿ, ಪರದೆ ಕಪ್ಪಗೆ ಸತ್ತಿತ್ತು. “ಆ ಗುಪ್ತಪದ ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ಅಕ್ಕಾ. ಮಗಳಾಣೆ.”

ಮೊಟ್ಟೆಗಳ್ಳನಾದರೆ ಬಳಗದ ಪುಟಕ್ಕೆ ಫೋಟೊ ಹಾಕಿ ಊರಿಗೇ ತಿಳಿಸುವುದೇಕೆ? ಅವನಿಗೆ ಬೇಕಾದದ್ದು ಖಾಲಿ ದಂಡೆ. ಹಾಗಾದರೆ ಆಚೆ ಜೊಂಡಿನಲ್ಲಿ ಕೂತು ತಮ್ಮನ್ನೇ ನೋಡುತ್ತಿರುವುದು ಯಾರು?

ಫೋಟೊದ ಕೆಳಗೆ ಒಂದೇ ಒಂದು ಸಾಲು ಇತ್ತು. ಅವಳು ಅದನ್ನು ಇಬ್ಬರಿಗೂ ಕೇಳುವಂತೆ ಓದಿದಳು.

‘ಈ ಸಲ ಸುಳ್ಳಲ್ಲ. ಉತ್ತರದ ದಂಡೆ. ಎಲ್ಲರೂ ಬನ್ನಿ. – ಕೆಂಪುಕಾಲು.’